ಹನ್ನೆರಡು ಎಸೆತದ ಹುಡುಗ

ಪಕ್ಕದ ಮನೆ ಅಜ್ಜನ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ಈ ಎಂಟು ವರ್ಷದಲ್ಲಿ ನಾನು ನೋಡಿಲ್ಲ. ಅಲ್ಲಿರುವುದು ಒಂದು ಹಳೇ ಫ್ರಿಜ್ಜು, ಮಡಚುವ ಕುರ್ಚಿಗಳು, ಒಂದು ರೇಡಿಯೋ, ಗೋಡೆಗೆ ಒರಗಿಸಿಟ್ಟ ಆಳೆತ್ತರದ ರಟ್ಟು. ಆಗಸ್ಟ್ ಬಂತೆಂದರೆ ಆ ರಟ್ಟಿನ ಮೇಲೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಹುಡುಗರ ಹೆಸರು ಏಳುತ್ತವೆ. ಯಾರು ಯಾವ ಜಾಗದಲ್ಲಿ ಮೊದಲು, ಅವನ ಕಾಲು ಉಳುಕಿದರೆ ಮುಂದಿನವನು ಯಾರು, ಎಲ್ಲ ಪೆನ್ಸಿಲ್ಲಿನಲ್ಲಿ. ಅಳಿಸಿ ಅಳಿಸಿ ರಟ್ಟಿನ ಮೇಲ್ಪದರ ಕೆಲವೆಡೆ ಕಿತ್ತು ಬಂದಿದೆ. ಕೆಂಪು ಶಾಯಿಯ ಪೆನ್ನೂ ಒಂದಿದೆ. ‘ಇನ್ನು ಇವನನ್ನು ಅಲ್ಲಾಡಿಸುವಂತಿಲ್ಲ’ ಅಂತ ಅಜ್ಜನಿಗೆ ಮನದಟ್ಟಾದ ಮೇಲೆ ಮಾತ್ರ ಅದು ಮುಚ್ಚಳ ಬಿಚ್ಚುವುದು.

2025ರ ಆಗಸ್ಟ್ 18, ಸೋಮವಾರ. ಆಫೀಸಿನಿಂದ ಬಂದು ಕಾರು ನಿಲ್ಲಿಸುತ್ತಿದ್ದೇನೆ, ಅಜ್ಜ ರಟ್ಟಿನ ಮುಂದೆ ನಿಂತಿದ್ದಾರೆ, ಅವರ ಪಕ್ಕದ ಕುರ್ಚಿಯಲ್ಲಿ ಪಂಚೆ ಉಟ್ಟ ನಮ್ಮ ಅಪ್ಪಯ್ಯ ಕೂತಿದ್ದಾರೆ. ಅಪ್ಪಯ್ಯ ತೀರ್ಥಹಳ್ಳಿ ಕಡೆ ಪ್ರೈಮರಿ ಶಾಲೆಯ ಮೇಷ್ಟ್ರಾಗಿ ರಿಟೈರ್ ಆದವರು. ಜೂನ್‌ನಲ್ಲಿ ಇಲ್ಲಿಗೆ, ಅಂದರೆ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ಪಕ್ಕದ ಡಬ್ಲಿನ್‌ಗೆ ಬಂದರು. ಮಳೆ ಇಲ್ಲ, ಜಿಗಣೆ ಇಲ್ಲ, ಮಾತಾಡಲು ಜನ ಇಲ್ಲ. ಜುಲೈ ಹೊತ್ತಿಗೆ ಅಜ್ಜನ ಗ್ಯಾರೇಜು ಸೇರಿಕೊಂಡರು. ಅವರಿಗೆ ಬರುವ ಇಂಗ್ಲಿಷು ಶಾಲೆಯದು, ಅಜ್ಜನದು ಕಾರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರ ಇಂಗ್ಲಿಷು. ಆದರೂ ಇಬ್ಬರಿಗೂ ಅದು ಹೇಗೋ ಸಾಕಾಗುತ್ತಿತ್ತು.

‘ಸುದ್ದಿ ಬಂತಂತೆ ಮಾರಾಯ’ ಅಂದರು ಅಪ್ಪಯ್ಯ. ‘ಹೊಸ ಹುಡುಗನ್ನ ಆರಿಸಿದಾರೆ.’

ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಮೈಮೇಲೆ ಬಿದ್ದು ಆಡುವುದು. ಆಟ ಶುರುವಾಗುವಾಗ ಚೆಂಡು ಮೊದಲು ಸೇರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಎಸೆಯಬೇಕೋ, ಪಕ್ಕದವನಿಗೆ ಕೊಡಬೇಕೋ, ತಾನೇ ಓಡಬೇಕೋ ಅವನು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು, ಅಷ್ಟರಲ್ಲಿ ನೂರಿಪ್ಪತ್ತು ಮೂವತ್ತು ಕಿಲೋ ತೂಕದವರು ಅವನನ್ನು ನೆಲಕ್ಕೆ ಕೆಡವಲು ನುಗ್ಗುತ್ತಾರೆ. ಕೋಚ್ ರಯಾನ್ ಡೇ ಆ ದಿನ ಆ ಜಾಗಕ್ಕೆ ಹೆಸರಿಸಿದ್ದು ಜೂಲಿಯನ್ ಸೇಯಿನ್‌ನನ್ನು. ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್‌ನವನು, ಆರಡಿ ಒಂದಿಂಚು. ಪೈಪೋಟಿ ಇದ್ದದ್ದು ಸೌತ್ ಡಕೋಟದ ಲಿಂಕನ್ ಕೀನ್‌ಹೋಲ್ಜ್ ಜೊತೆ.

ಅಜ್ಜ ಹೆಸರು ಬರೆದರು. ಪೆನ್ಸಿಲ್ಲಿನಲ್ಲಿ.

‘ಇವ ಎಷ್ಟು ಆಟ ಆಡಿದಾನೆ?’ ಅಂತ ಅಪ್ಪಯ್ಯ.

ನಾನು ಫೋನು ನೋಡಿ ಹೇಳಿದೆ. ಕಳೆದ ವರ್ಷ ನಾಲ್ಕು ಪಂದ್ಯಗಳಲ್ಲಿ ಸ್ವಲ್ಪ ಸ್ವಲ್ಪ ಹೊತ್ತು. ಒಟ್ಟು 12 ಎಸೆತ. ಅದರಲ್ಲಿ ಕೈ ಸೇರಿದ್ದು 5. ಅದೂ ಪಂದ್ಯ ಗೆದ್ದಾದ ಮೇಲೆ, ಅರ್ಧ ಜನ ಕಾರಿನ ಕಡೆ ಹೊರಟ ಹೊತ್ತಿನಲ್ಲಿ.

‘ಓ, ಪೂರ್ವರಂಗ ಹಾಡಿದವ’ ಅಂದರು ಅಪ್ಪಯ್ಯ.

ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಳದಲ್ಲಿ ದೊಡ್ಡ ಭಾಗವತರು ಕೂರುವುದು ಪ್ರಸಂಗ ರಂಗೇರಿದ ಮೇಲೆ. ಅದಕ್ಕೂ ಮೊದಲು, ಜನ ಇನ್ನೂ ಚಾಪೆ ಹಾಸಿಕೊಂಡು ಕಡಲೆಕಾಯಿ ಕೊಳ್ಳುತ್ತಿರುವಾಗ, ಹಾಡುವುದು ಕಲಿಯುವ ಹುಡುಗ. ಸಂಗೀತಗಾರ ಅಂತ ಕರೆಯುತ್ತಾರೆ. ಯಾರೂ ಕೇಳುವುದಿಲ್ಲ. ಶ್ರುತಿ ತಪ್ಪಿದರೂ ಯಾರೂ ಬೈಯುವುದಿಲ್ಲ.

ಅಜ್ಜನಿಗೆ ಇದನ್ನು ತರ್ಜುಮೆ ಮಾಡಿ ಹೇಳುವುದರೊಳಗೆ ನನಗೆ ಸಾಕುಸಾಕಾಯಿತು. ಅವರು ಮಾತ್ರ ತಲೆದೂಗಿದರು.

ಆಮೇಲೆ ರಟ್ಟಿನ ಎಡಗಡೆ ತೋರಿಸಿದರು. ಹೋದವರ ಪಟ್ಟಿ ಅಲ್ಲಿತ್ತು. ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದ ತಂಡ ಇದು. ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ಆ ತಂಡದ 14 ಹುಡುಗರನ್ನು ವೃತ್ತಿಪರ ತಂಡಗಳು ಎತ್ತಿಕೊಂಡವು. ಡಿಫೆನ್ಸ್‌ನ 11 ಮಂದಿಯಲ್ಲಿ ಉಳಿದದ್ದು ಮೂವರು. ಮುಂದಿನ ಸಾಲಿನ ನಾಲ್ವರಿಗೆ ನಾಲ್ವರೂ ಹೊರಟುಹೋದರು. ಹಳೇ ಕ್ವಾರ್ಟರ್‌ಬ್ಯಾಕ್ ವಿಲ್ ಹೊವಾರ್ಡ್ ಪಿಟ್ಸ್‌ಬರ್ಗ್ ಸೇರಿದ. ಇಬ್ಬರು ಓಟಗಾರರೂ ಇಲ್ಲ. ಆಟಗಾರರಷ್ಟೇ ಅಲ್ಲ, ಆಕ್ರಮಣ ನೋಡಿಕೊಳ್ಳುತ್ತಿದ್ದ ಕೋಚೂ ಹೋದ, ರಕ್ಷಣೆ ನೋಡಿಕೊಳ್ಳುತ್ತಿದ್ದವನೂ ಹೋದ.

‘ಮೇಳ ಒಡೆದ ಹಾಗಾಯ್ತು’ ಅಂದರು ಅಪ್ಪಯ್ಯ.

ಹಾಗೆ ನೋಡಿದರೆ ಕಾಲೇಜು ಫುಟ್‌ಬಾಲನ್ನು ಅಪ್ಪಯ್ಯನಿಗೆ ಅರ್ಥ ಮಾಡಿಸಲು ನಾನು ಪಟ್ಟ ಕಷ್ಟವೆಲ್ಲ ದಂಡ. ಅವರಿಗೆ ಅದು ಮೊದಲೇ ಗೊತ್ತಿತ್ತು. ಮಳೆಗಾಲದಲ್ಲಿ ತಿರುಗಾಟ ನಿಂತಾಗ ವೇಷಧಾರಿಗಳು ಮೇಳ ಬದಲಿಸುವುದು, ಯಾರು ಎಷ್ಟು ಮುಂಗಡ ಕೊಟ್ಟು ಯಾರನ್ನು ಕರೆದುಕೊಂಡರು ಅಂತ ಸೋನೆ ಮಳೆ ನೋಡುತ್ತಾ ಜಗಲಿಯಲ್ಲಿ ಕೂತು ಮಾತಾಡುವುದು, ‘ಈ ಸಲ ಆ ಮೇಳಕ್ಕೆ ಸ್ತ್ರೀವೇಷವೇ ಇಲ್ಲ’ ಅಂತ ಕೊರಗುವುದು, ಇಲ್ಲಿನ ಆಗಸ್ಟ್ ಅಂದರೆ ಅದೇ. ಹೀಗೆ ತಂಡ ಬದಲಿಸುವ ದಾರಿಗೆ ಇಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಅಂತ ಹೆಸರು. ಸೇಯಿನ್ ಮೊದಲು ಸೇರಿದ್ದು ಅಲಬಾಮಾ. ಅಲ್ಲಿನ ದೊಡ್ಡ ಕೋಚ್ ನಿಕ್ ಸೇಬನ್ 2024ರ ಜನವರಿ 10ರಂದು ನಿವೃತ್ತಿ ಘೋಷಿಸಿದ ಮೇಲೆ ಆ ತಿಂಗಳೇ ಓಹಾಯೋಗೆ ಬಂದ. ಆಗ ಡಿಫೆನ್ಸ್‌ನ ಜೀವಾಳವಾಗಿದ್ದ ಕೇಲೆಬ್ ಡೌನ್ಸ್ ಕೂಡ ಅದೇ ಜನವರಿಯಲ್ಲಿ ಅಲ್ಲಿಂದಲೇ ಬಂದವನು. ಮುಂಗಡದ ವಿಷಯವೂ ಈಗ ಮುಚ್ಚುಮರೆ ಇಲ್ಲದೆ ನಡೆಯುತ್ತಿದೆ. ಕೋರ್ಟಿನಲ್ಲಿ ಆದ ಒಪ್ಪಂದದ ಪ್ರಕಾರ 2025ರ ಜುಲೈ 1ರಿಂದ ವಿಶ್ವವಿದ್ಯಾಲಯಗಳೇ ತಮ್ಮ ಆಟಗಾರರಿಗೆ ಹಣ ಕೊಡಬಹುದು, ಎಲ್ಲ ಆಟಗಳೂ ಸೇರಿ ಮೊದಲ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್‌ವರೆಗೆ. ಅಪ್ಪಯ್ಯ ಅದನ್ನು ರೂಪಾಯಿಗೆ ಇಳಿಸಲು ಹೋಗಿ ಅರ್ಧಕ್ಕೆ ಬಿಟ್ಟರು.

ಅಜ್ಜ ಫ್ರಿಜ್ಜಿನಿಂದ ಬಕ್‌ಐ ಉಂಡೆ ತೆಗೆದರು. ಕಡಲೆಕಾಯಿ ಬೆಣ್ಣೆಯ ಉಂಡೆಯನ್ನು ಚಾಕೊಲೇಟಿನಲ್ಲಿ ಮುಕ್ಕಾಲು ಮುಳುಗಿಸಿದ್ದು, ಈ ರಾಜ್ಯದ ಮರವೊಂದರ ಬೀಜದಂತೆ ಕಾಣುತ್ತದೆ. ತಂಡದ ಹೆಸರೂ ಆ ಬೀಜದ್ದೇ. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ. ನಾನು ನೋಡುತ್ತಿಲ್ಲ ಅಂದುಕೊಂಡು ಎರಡನೆಯದನ್ನೂ ಬಾಯಿಗೆ ಹಾಕಿಕೊಂಡರು.

ನನ್ನ ಅಭಿಪ್ರಾಯ ಅಜ್ಜ ಕೇಳಿದರು, ನಾನೂ ತಿಳಿದವನ ಹಾಗೆ ಹೇಳಿದೆ. ಆಕ್ರಮಣದ ಚಿಂತೆ ನನಗಿಲ್ಲ. ಎಸೆದದ್ದನ್ನು ಹಿಡಿಯಲು ಜೆರೆಮಾಯ ಸ್ಮಿತ್ ಇದ್ದಾನೆ. ಕಳೆದ ವರ್ಷ ಮೊದಲ ವರ್ಷದ ವಿದ್ಯಾರ್ಥಿಯಾಗಿಯೇ 1,315 ಗಜ ಗಳಿಸಿದವನು, ಫೈನಲ್‌ನ ಕೊನೆಯಲ್ಲಿ 56 ಗಜದ ಎಸೆತ ಹಿಡಿದು ಪಂದ್ಯ ಮುಗಿಸಿದವನು. ಇನ್ನೊಂದು ಬದಿಗೆ ಕಾರ್ನೆಲ್ ಟೇಟ್. ಇವರಿಬ್ಬರಿದ್ದರೆ ನಾನೂ ಎಸೆಯಬಲ್ಲೆ. ಮುಳುಗುವುದಾದರೆ ಡಿಫೆನ್ಸ್‌ನಿಂದ. ಎಂಟು ಜನ ಹೊಸಬರು. ಹೊಸ ಕೋಚ್ ಮ್ಯಾಟ್ ಪಟ್ರೀಶಿಯಾ ಎರಡು ದಶಕ ವೃತ್ತಿಪರ ತಂಡಗಳಲ್ಲಿದ್ದವನು. ಮೊದಲ ಪಂದ್ಯವೇ ಆಗಸ್ಟ್ 30ಕ್ಕೆ ಟೆಕ್ಸಾಸ್ ಮೇಲೆ. ಎಪಿ ಸುದ್ದಿಸಂಸ್ಥೆಯ ಶ್ರೇಯಾಂಕ ಪಟ್ಟಿಯಲ್ಲಿ ಟೆಕ್ಸಾಸ್ ಒಂದನೇ ಸ್ಥಾನ, ನಾವು ಮೂರು. ಅವರ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್. ಅವನ ಅಜ್ಜ, ಇಬ್ಬರು ಚಿಕ್ಕಪ್ಪಂದಿರು ಎಲ್ಲರೂ ಇದೇ ಆಟದಲ್ಲಿ ಹೆಸರು ಮಾಡಿದ ಮನೆತನ. ನಾನು ಟೆಕ್ಸಾಸ್‌ಗೆ 31, ನಮಗೆ 27 ಅಂತ ಹೇಳಿಬಿಟ್ಟೆ. ಅಜ್ಜ ರಟ್ಟಿನ ಮೂಲೆಯಲ್ಲಿ ಅದನ್ನು ಬರೆದು, ಪಕ್ಕದಲ್ಲಿ ನನ್ನ ಹೆಸರೂ ಹಾಕಿದರು. ಅದನ್ನು ಮಾತ್ರ ಪೆನ್ನಿನಲ್ಲಿ.

ಅಪ್ಪಯ್ಯ ಪಟ್ರೀಶಿಯಾನ ಫೋಟೋ ನೋಡಿ ಖುಷಿಪಟ್ಟರು. ಗಡ್ಡ, ಕಿವಿಯ ಮೇಲೆ ಪೆನ್ಸಿಲ್. ‘ಏರೋನಾಟಿಕಲ್ ಇಂಜಿನಿಯರಿಂಗ್ ಓದಿದವನಂತೆ’ ಅಂದೆ. ‘ಪೆನ್ಸಿಲ್ ಇಟ್ಟುಕೊಂಡವ ತಪ್ಪು ತಿದ್ದಿಕೊಳ್ತಾನೆ, ಬಿಡು’ ಅಂದರು.

ಆಮೇಲೆ ಅವರೊಂದು ಪ್ರಶ್ನೆ ಕೇಳಿದರು. ‘ಮದ್ದಲೆ ಯಾರು?’

ನನಗೆ ತಿಳಿಯಲಿಲ್ಲ. ಆಗ ಅವರು ಹಳೇ ಕತೆ ತೆಗೆದರು. ಅವರಿಗೆ ಹದಿನೇಳಿರಬೇಕು. ಊರಿನ ಗದ್ದೆಯಲ್ಲಿ ಆಟ, ಭಾಗವತರಿಗೆ ಗಂಟಲು ಕಟ್ಟಿ ಸ್ವರವೇ ಹೊರಡಲಿಲ್ಲ. ಕಾಳುಮೆಣಸಿನ ಕಷಾಯ ಹಿಡಿದು ಚೌಕಿಗೆ ಹೋದವರು ಅಪ್ಪಯ್ಯನೇ. ಇಪ್ಪತ್ತು ವರ್ಷದ ಸಂಗೀತಗಾರನನ್ನು ಕೂರಿಸಿದರು. ಹುಡುಗನ ಕೈಯ ತಾಳ ನಡುಗುತ್ತಿತ್ತಂತೆ. ಮದ್ದಲೆಯ ಮುದುಕ ಅವನ ಕಡೆ ತಿರುಗಿ ಕೂತು, ಎರಡು ಪದ್ಯ ಮುಗಿಯುವವರೆಗೆ ಬೇರೆಲ್ಲೂ ನೋಡದೆ, ಹುಡುಗ ಓಡಿದಾಗ ತಡೆದು, ನಿಂತಾಗ ತಳ್ಳಿ, ನಡೆಸಿಕೊಂಡು ಹೋದ. ‘ಜನ ಹುಡುಗನ್ನ ಹೊಗಳಿದ್ರು. ನಾನು ಹತ್ತಿರ ಇದ್ದೆ, ಹಾಗಾಗಿ ನಂಗೆ ಗೊತ್ತು.’

ಅಜ್ಜನಿಗೆ ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸದೆ ರಟ್ಟಿನ ನಡುವೆ ಬೆರಳಿಟ್ಟರು. ಕಾರ್ಸನ್ ಹಿನ್ಜ್‌ಮನ್, ಸೆಂಟರ್. ಬಗ್ಗಿ ನಿಂತು, ಕಾಲಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವವನು. ಎದುರಿನವರು ಎಲ್ಲಿಂದ ನುಗ್ಗಬಹುದು ಅಂತ ಓದಿ ಪಕ್ಕದವರಿಗೆ ಕೂಗಿ ಹೇಳುವವನು. ಟಿವಿಯಲ್ಲಿ ಅವನ ಮುಖ ಕಾಣುವುದೇ ಅಪರೂಪ. ಇಷ್ಟು ವರ್ಷ ನೋಡಿಯೂ ನಾನು ಅವನ ಕಡೆ ಗಮನ ಕೊಟ್ಟವನಲ್ಲ.

ನಾನು ಸೋಲೊಪ್ಪದೆ ಇನ್ನೊಂದು ತಕರಾರು ತೆಗೆದೆ. ಈಗ ಹೆಲ್ಮೆಟ್ಟಿನೊಳಗೇ ಸ್ಪೀಕರು ಇರುತ್ತದೆ, 2024ರಿಂದ ಕಾಲೇಜು ಆಟಕ್ಕೂ ಬಂದಿದೆ. ಯಾವ ಆಟ ಆಡಬೇಕು ಅಂತ ಕೋಚ್ ನೇರವಾಗಿ ಕಿವಿಯಲ್ಲಿ ಹೇಳುತ್ತಾನೆ. ‘ಹಾಗಾದ್ರೆ ಕೋಚೇ ಭಾಗವತ, ಇವ ಬರೀ ವೇಷ’ ಅಂದರು ಅಪ್ಪಯ್ಯ, ಸ್ವಲ್ಪ ನಿರಾಸೆಯಿಂದ. ಅಜ್ಜ ಕೈಯೆತ್ತಿ ತಡೆದರು. ಚೆಂಡು ಹಿಂದಕ್ಕೆ ಕೊಡಲು ಇರುವ ಗಡುವಿನ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ದನಿ ಕಟ್ ಆಗುತ್ತದೆ. ಆಮೇಲೆ ಎದುರಿನವರು ಜಾಗ ಬದಲಿಸಿದರೆ, ಒಬ್ಬ ಎಡಕ್ಕೆ ಸರಿದರೆ, ನೋಡಿ ತೀರ್ಮಾನಿಸಬೇಕಾದವನು ಹುಡುಗನೇ. ಲಕ್ಷಕ್ಕೂ ಮೀರಿದ ಜನರ ಗದ್ದಲದಲ್ಲಿ. ಅಜ್ಜ ಕಿವಿಗೆ ಕೈ ಮುಚ್ಚಿ, ಮತ್ತೆ ತೆಗೆದು, ಖಾಲಿ ಅಂಗೈ ತೋರಿಸಿದರು.

ಅಲ್ಲಿಗೆ ಮಾತು ಉತ್ತರಕ್ಕಿರುವ ಹಳೇ ವೈರಿ ಮಿಷಿಗನ್ ಕಡೆ ಹೊರಳಿತು. ಹೊರಳಲೇಬೇಕು. 2024ರ ನವೆಂಬರ್ 30ರಂದು ಸ್ವಂತ ಅಂಗಳದಲ್ಲೇ 13-10ರಿಂದ ಸೋಲು, ಸತತ ನಾಲ್ಕನೆಯದು. ರಾಷ್ಟ್ರೀಯ ಚಾಂಪಿಯನ್ ಆದರೂ ಆ ಹುಣ್ಣು ಮಾಗಿರಲಿಲ್ಲ. ಅಜ್ಜ ಆ ಹೆಸರನ್ನು ಬಾಯಲ್ಲಿ ತರುವುದೇ ಇಲ್ಲ. ‘ಆ ಮೇಲಿನ ತಂಡ’ ಅನ್ನುತ್ತಾರೆ. ರಟ್ಟಿನ ಮೇಲಿನ ವೇಳಾಪಟ್ಟಿಯಲ್ಲಿ ನವೆಂಬರ್ 29ರ ಎದುರು ಬರೀ ಒಂದು ಗೆರೆ ಎಳೆದಿದ್ದಾರೆ. ಅಪ್ಪಯ್ಯನಿಗೆ ಅದು ಬಹಳ ಹಿಡಿಸಿತು. ‘ನಮ್ಮಮ್ಮ ಸಾಯೋ ತನಕ ಅಪ್ಪನ ಹೆಸರು ಹೇಳಲಿಲ್ಲ. ರೇಷನ್ ಕಾರ್ಡಿನವ ಬಂದಾಗ ನನ್ನನ್ನ ಕರೆದು ಹೇಳಿಸಿದ್ಲು.’

ಆಗಸ್ಟ್ 27, ಬುಧವಾರ ಚೌತಿ. ನಮ್ಮ ಕಡೆಯ ಬಹಳ ಮನೆಗಳಲ್ಲಿ ರಜೆ ನೋಡಿಕೊಂಡು ಶನಿವಾರ ಗಣಪತಿ ಬಿಡುವುದು ರೂಢಿ. ಪಂದ್ಯವೂ ಶನಿವಾರವೇ, ಮಧ್ಯಾಹ್ನ 12ಕ್ಕೆ. ಹೆಂಡತಿಯ ಮುಂದೆ ಹೇಗೆ ಬಾಯಿ ಬಿಡಲಿ ಅಂತ ನಾನು ಒದ್ದಾಡುತ್ತಿದ್ದೆ. ಅಪ್ಪಯ್ಯ ಬೆರಳು ಮಡಚಿ ಎಣಿಸಿದರು. ‘ಶನಿವಾರ ನಾಲ್ಕನೇ ದಿನ ಆಗ್ತದೆ. ಬೆಸ ದಿನಕ್ಕೇ ಬಿಡಬೇಕು. ಭಾನುವಾರ ಸರಿ.’ ಧರ್ಮಶಾಸ್ತ್ರ ಅಷ್ಟು ಸಕಾಲಕ್ಕೆ ಒದಗಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಶನಿವಾರ ಬೆಳಿಗ್ಗೆ ಅಜ್ಜ ನಮ್ಮ ಮನೆಗೇ ಬಂದರು. ಟಿವಿಯಲ್ಲಿ ಫುಟ್‌ಬಾಲ್ ವಿಶ್ಲೇಷಕ ಲೀ ಕೊರ್ಸೊ ಅವರ ಕೊನೆಯ ಕಾರ್ಯಕ್ರಮ, ನೇರ ಕೊಲಂಬಸ್‌ನಿಂದ. ಯಾರು ಗೆಲ್ಲುತ್ತಾರೆ ಅಂತ ಹೇಳಲು ಆ ತಂಡದ ಗೊಂಬೆಯ ತಲೆಯನ್ನು ತಾನೇ ಹಾಕಿಕೊಳ್ಳುವ ಪದ್ಧತಿಯನ್ನು ಅವರು 1996ರಲ್ಲಿ ಶುರು ಮಾಡಿದ್ದೂ ಇದೇ ಊರಿನಲ್ಲಿ. 90 ವರ್ಷದ ಮನುಷ್ಯ ಮತ್ತೆ ಆ ಬೀಜದ ತಲೆ ಹಾಕಿಕೊಂಡಾಗ ಅಜ್ಜ ಕಣ್ಣೊರೆಸಿಕೊಂಡರು. ಅಪ್ಪಯ್ಯ ‘ಮುಖವಾಡ ಸ್ವಲ್ಪ ದೊಡ್ಡದಾಯ್ತು’ ಅಂದರು.

ಪಂದ್ಯ 14-7. ನಾವು ಗೆದ್ದೆವು, ಆದರೆ ನಾನು ಹೇಳಿದ ಒಂದೂ ಸರಿಯಾಗಲಿಲ್ಲ. ಮುಳುಗುತ್ತದೆ ಅಂದಿದ್ದ ಡಿಫೆನ್ಸೇ ದಡ ಸೇರಿಸಿತು. ಮೂರನೇ ಕ್ವಾರ್ಟರಿನಲ್ಲಿ ಮ್ಯಾನಿಂಗ್‌ನನ್ನು ಅಂಕದ ಗೆರೆಯಿಂದ ಒಂದು ಗಜ ದೂರದಲ್ಲಿ ತಡೆದು ನಿಲ್ಲಿಸಿತು. ಸೇಯಿನ್ ಎಸೆದದ್ದು 20, ಕೈ ಸೇರಿದ್ದು 13, ಒಟ್ಟು 126 ಗಜ. ಅದರಲ್ಲಿ 40 ಗಜ ಒಂದೇ ಎಸೆತಕ್ಕೆ, ನಾಲ್ಕನೇ ಕ್ವಾರ್ಟರಿನ ಶುರುವಿನಲ್ಲಿ ಟೇಟ್‌ಗೆ. ಉಳಿದ ಹೊತ್ತು ಅವನು ಮಾಡಿದ ದೊಡ್ಡ ಕೆಲಸ ಚೆಂಡನ್ನು ಎದುರಿನವರ ಕೈಗೆ ಕೊಡದಿದ್ದದ್ದು. ಅಪ್ಪಯ್ಯ ಅವನನ್ನು ನೋಡುತ್ತಲೇ ಇರಲಿಲ್ಲ. ಪ್ರತಿ ಸಲವೂ ಬಗ್ಗಿ ನಿಂತ ಸೆಂಟರನ್ನೇ ನೋಡುತ್ತಿದ್ದರು. ‘ಹಾಂ, ಕೊಟ್ಟ’ ಅನ್ನುವರು, ಚೆಂಡು ಎಲ್ಲಿ ಹೋಯಿತೋ ಅವರಿಗೆ ಬೇಕಿರಲಿಲ್ಲ.

ಭಾನುವಾರ ಸಂಜೆ ಹಿತ್ತಲಿನಲ್ಲಿ ಬಕೆಟ್ಟಿಗೆ ನೀರು ತುಂಬಿ ಗಣಪತಿ ಬಿಟ್ಟೆವು. ಅಜ್ಜ ಕೆಂಪು ಅಂಗಿಯಲ್ಲೇ ಬಂದು ಪಂಚಕಜ್ಜಾಯಕ್ಕೆ ಕೈಯೊಡ್ಡಿದರು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರು. ಮಣ್ಣು ನಿಧಾನಕ್ಕೆ ಕರಗುತ್ತಿತ್ತು. ಅಪ್ಪಯ್ಯ ಗಾಳಿಯಲ್ಲಿ ಬರೆಯುವ ಹಾಗೆ ಬೆರಳಾಡಿಸಿ, ಹುಬ್ಬೆತ್ತಿ ಕೇಳಿದರು, ಹುಡುಗನ ಹೆಸರು ಶಾಯಿಗೆ ಬಂತೇ ಅಂತ. ಅಜ್ಜ ಇಲ್ಲವೆಂದು ತಲೆಯಾಡಿಸಿ, ತೋರುಬೆರಳನ್ನು ಉತ್ತರ ದಿಕ್ಕಿಗೆ ಚಾಚಿದರು. ‘ಹೆಸರು ಹೇಳ್ಲಿಕ್ಕಿಲ್ಲ, ಗೊತ್ತಾಯ್ತು’ ಅಂತ ಅಪ್ಪಯ್ಯ ಅವರ ಕೈಗೆ ಇನ್ನೊಂದು ಹಿಡಿ ಪಂಚಕಜ್ಜಾಯ ಹಾಕಿದರು.