ಬೆಂಗಳೂರಲ್ಲಿ ನೀರು 97ಕ್ಕೇ ಕುದಿಯುತ್ತದೆ

ವಿಶೇಷ ಮಕ್ಕಳ ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತದ ಹೊಣೆ ಹೊತ್ತವರು ಪ್ರತಿ ಪ್ರಯೋಗವನ್ನೂ ಹಿಂದಿನ ದಿನವೇ ಮಾಡಿ ನೋಡಿರಬೇಕು. ನೀರು ಕುದಿಯುವ ಪಾಠವನ್ನೇ ತೆಗೆದುಕೊಳ್ಳಿ. ಪುಸ್ತಕ 100 ಡಿಗ್ರಿ ಸೆಲ್ಸಿಯಸ್ ಎನ್ನುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮೂರಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಥರ್ಮಾಮೀಟರ್ 97ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಹೇಳಿದ ಮಾತನ್ನು ಅಕ್ಷರಶಃ ಹಿಡಿಯುವ, ಆಟಿಸಂ ಇರುವ ಮಗು ಇಲ್ಲಿ ಕಂಗಾಲಾಗಬಹುದು. ‘ಪುಸ್ತಕದಲ್ಲಿ 100, ಬೆಂಗಳೂರಲ್ಲಿ 97’ ಎಂಬ ಚೀಟಿಯನ್ನು ಮೊದಲೇ ಬೋರ್ಡಿಗೆ ಅಂಟಿಸಿ.

200 ಮಿಲಿ ನೀರು ಸಾಕು. ಹೆಚ್ಚಾದರೆ ಕಾಯುವ ಹೊತ್ತು ಬೆಳೆದು ಗಮನ ಚದುರುತ್ತದೆ. ಥರ್ಮಾಮೀಟರಿನ ತುದಿ ಪಾತ್ರೆಯ ತಳಕ್ಕೆ ತಾಗಬಾರದು, ತಾಗಿದರೆ ಅದು ತೋರಿಸುವ ಅಂಕಿ ತಪ್ಪುತ್ತದೆ. ಇಂಡಕ್ಷನ್ ಒಲೆಯಲ್ಲಿ ಬೆಂಕಿ ಇಲ್ಲ, ನಿಜ. ಆದರೆ ಪಾತ್ರೆ ಇಳಿಸಿದ ಮೇಲೂ ಒಲೆಯ ಗಾಜು ಸುಡುತ್ತಿರುತ್ತದೆ. ಕಣ್ಣಿಗೆ ಕಾಣದ ಈ ಬಿಸಿಯೇ ಹೆಚ್ಚು ಅಪಾಯ. ಒಲೆಯ ಸುತ್ತ ಒಂದು ಮೊಳ ದೂರಕ್ಕೆ ಕೆಂಪು ಟೇಪ್ ಗೆರೆ ಎಳೆಯಿರಿ.

ಇನ್ನು ಗಣಿತ. ಚಿಲ್ಲರೆ ಲೆಕ್ಕಕ್ಕೆ ಆಟದ ನಾಣ್ಯ ಬೇಡ, ನಿಜವಾದ ದುಡ್ಡೇ ಇರಲಿ. 50ರಲ್ಲಿ 37 ಕಳೆಯುವಾಗ ಹಲವರು ದಶಕ ಎರವಲು ತರುವಲ್ಲೇ ಎಡವುತ್ತಾರೆ. ಅಂಗಡಿಯವರಂತೆ ಮೇಲಕ್ಕೆ ಎಣಿಸಲಿ: 37ಕ್ಕೆ 3 ಇಟ್ಟರೆ 40, ಮೇಲೆ 10 ಇಟ್ಟರೆ 50. ಇಟ್ಟ 3 ಮತ್ತು 10 ಸೇರಿ 13, ಅದೇ ಚಿಲ್ಲರೆ.