ಆರೋ ಒಂಬತ್ತೋ: ಮುತ್ತಜ್ಜನ ಸಮಾಧಿ ಹುಡುಕಿಕೊಂಡು ಮಂಗಳೂರಿಗೆ, ಆಮೇಲೆ ಬಾಸೆಲ್‌ಗೆ

ಕಲ್ಲಿನ ಮೇಲೆ ಇರುವುದು ೧೮೬೮ ಅಂತ ನಾನು ಓದಿದೆ. "ಆರಲ್ಲ ಮಾರಾಯ್ತಿ, ಒಂಬತ್ತು. ೧೮೯೮," ಅಂದರು ದೊಡ್ಡಪ್ಪ. ಇಬ್ಬರೂ ಬಗ್ಗಿ ಬೆರಳಾಡಿಸಿ ನೋಡಿದೆವು. ಮಳೆಗೆ ಸವೆದ ಕಲ್ಲು, ಅಂಕಿಯ ಸಂದಿನಲ್ಲಿ ಒಣಗಿದ ಪಾಚಿ. ಆರು ಆಗಿದ್ದರೆ ಆ ಸಮಾಧಿ ನಮ್ಮ ಮುತ್ತಜ್ಜನದ್ದಲ್ಲ. ಯಾಕಂದ್ರೆ ಅವರ ಮಗ, ಅಂದರೆ ನನ್ನ ಅಜ್ಜ, ಹುಟ್ಟಿದ್ದೇ 1894ರಲ್ಲಿ. ಒಂಬತ್ತಾದರೆ ನಮ್ಮವರದ್ದೇ ಇರಬಹುದು. ಹೆಸರೇನೋ ಸರಿಯಾಗಿತ್ತು. ಆದರೆ ಬೈಬಲಿನ ಹೆಸರುಗಳು ಒಂದೇ ಸಭೆಯಲ್ಲಿ ಎಷ್ಟು ಜನಕ್ಕೆ ಇರುತ್ತವೆ ಅಂತ ನಿಮಗೂ ಗೊತ್ತು.

ನಮ್ಮದು ಬಾಸೆಲ್ ಮಿಷನ್ ಸಭೆಯ ಕುಟುಂಬ, ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನ್ ಇಲ್ಲಿ ಕಟ್ಟಿದ ಚರ್ಚಿನವರು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಮುತ್ತಜ್ಜ ಮಂಗಳೂರಿನ ಜೆಪ್ಪುವಿನಲ್ಲಿದ್ದ ಮಿಷನ್‌ನ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು, ಅಜ್ಜನಿಗೆ ನಾಲ್ಕು ವರ್ಷ ಇರುವಾಗ ತೀರಿಕೊಂಡರು. ನಮಗೆ ಗೊತ್ತಿದ್ದದ್ದು ಅಷ್ಟೇ. ಒಂದು ಫೋಟೊ ಕೂಡ ಇಲ್ಲ. ಇಂಥದ್ದೇ ಹುಡುಕಾಟಕ್ಕೆ ಹೊರಟವರಿಗೆ ನಮ್ಮ ಅನುಭವ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಮೊದಲು ಮನೆಯಲ್ಲಿ ಹುಡುಕಿ. ಹಳೆ ಬೈಬಲಿನ ಮೊದಲ, ಕೊನೆಯ ಖಾಲಿ ಹಾಳೆಗಳನ್ನು ನೋಡಿ. ಮಕ್ಕಳ ಹುಟ್ಟಿದ ದಿನ, ತೀರಿಕೊಂಡವರ ದಿನ ಬರೆದಿಡುವ ರೂಢಿ ಎಷ್ಟೋ ಮನೆಗಳಲ್ಲಿತ್ತು. ಅಜ್ಜ 1894ರಲ್ಲಿ ಹುಟ್ಟಿದ್ದು ನಮಗೆ ಗೊತ್ತಾಗಿದ್ದೇ ಹಾಗೆ. ಹಿರಿಯರ ಹತ್ತಿರ ಮಾತಾಡುವಾಗ ಹೆಂಗಸರ ಹೆಸರುಗಳನ್ನು ಮರೆಯದೆ ಕೇಳಿ: ಮುತ್ತಜ್ಜಿ, ಅವಳ ತಾಯಿ, ಅವಳ ಮನೆ ಎಲ್ಲಿ ಅಂತ. ತುಳುನಾಡಿನಲ್ಲಿ ಬರಿ, ಅಂದರೆ ಕುಲದ ಹೆಸರು, ಬರುತ್ತಿದ್ದದ್ದು ತಾಯಿಯ ಕಡೆಯಿಂದ ಅಲ್ವಾ? ಕ್ರೈಸ್ತರಾದ ಮೇಲೆ ಎಷ್ಟೋ ಮನೆಗಳಲ್ಲಿ ಅದೇ ಬರಿಯ ಹೆಸರು ತಂದೆಯಿಂದ ಮಕ್ಕಳಿಗೆ ಹೋಗಲು ಶುರುವಾಯಿತು. ಹಾಗಾಗಿ ಅಡ್ಡಹೆಸರು ಒಂದೇ ಹಿಡಿದು ಹಿಂದಕ್ಕೆ ಹೋದರೆ ಒಂದು ತಲೆಮಾರಿನಲ್ಲಿ ದಾರಿ ತಪ್ಪುತ್ತದೆ.

ಇನ್ನೊಂದು ವಿಷಯ. ಮನೆಯ ಹಳೆ ಹಂಚಿನ ಮೇಲೆ 1865 ಅಂತ ಅಚ್ಚು ಇದ್ದರೆ ಆ ಹಂಚು 1865ರದ್ದು ಅಂತ ತಿಳಿಯಬೇಡಿ. ಅದು ಕಾರ್ಖಾನೆ ಶುರುವಾದ ವರ್ಷ. ಎಷ್ಟೋ ವರ್ಷ ಆಮೇಲೆ ಮಾಡಿದ ಹಂಚಿನ ಮೇಲೂ ಅದೇ ಇದೆ.

ಎರಡನೇ ದಿನ ಚರ್ಚಿನ ರಿಜಿಸ್ಟರ್ ನೋಡಲು ಹೋದೆವು. ಸಭಾಪಾಲಕರಿಗೆ ವಾರ ಮೊದಲೇ ಫೋನ್ ಮಾಡಿ ಹೋಗಿ. ಭಾನುವಾರ ಬೇಡ, ಕ್ರಿಸ್‌ಮಸ್ ಮತ್ತು ಈಸ್ಟರ್ ಹತ್ತಿರದ ವಾರಗಳಂತೂ ಬೇಡವೇ ಬೇಡ. ಯಾರನ್ನು ಹುಡುಕುತ್ತಿದ್ದೀರಿ, ನಿಮಗೂ ಅವರಿಗೂ ಏನು ಸಂಬಂಧ, ಸುಮಾರು ಯಾವ ವರ್ಷ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಕೈ ತೊಳೆದು, ಒರೆಸಿಕೊಂಡು ಪುಸ್ತಕ ಮುಟ್ಟಿ. ಪೆನ್ನು ಚೀಲದಲ್ಲೇ ಇರಲಿ, ಪೆನ್ಸಿಲ್ ಸಾಕು. ಫೋಟೊ ತೆಗೆಯುವ ಮೊದಲು ಕೇಳಿ.

ಪುಟ ತಿರುಗಿಸುವಾಗ ಹಾಳೆಯ ಅಂಚು ಹಪ್ಪಳದ ಹಾಗೆ ಮುರಿಯುತ್ತಿತ್ತು. ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಅಲ್ಲಿ ನಮ್ಮ ಮುತ್ತಜ್ಜನ ಹೆಸರಿನವರು ಒಬ್ಬರಲ್ಲ, ಮೂವರು ಸಿಕ್ಕಿದರು. ನಾನು ಅವಸರದಲ್ಲಿ ಮೊದಲು ಕಂಡವರನ್ನೇ ನಮ್ಮವರು ಅಂದುಕೊಂಡು, ಮಧ್ಯಾಹ್ನದವರೆಗೆ ಅವರ ಮಕ್ಕಳು, ಮದುವೆ ಎಲ್ಲ ಬರೆದುಕೊಂಡೆ. ಮುತ್ತಜ್ಜಿಯ ಹೆಸರು ಎಲ್ಲೂ ಬರಲಿಲ್ಲ. ಆಗ ಅನುಮಾನ ಬಂತು. ಮತ್ತೆ ಮೊದಲಿಂದ ಶುರು ಮಾಡಿದೆವು. ಈ ಸಲ ಹೆಂಡತಿಯ ಹೆಸರು, ಊರು, ಕೆಲಸ ಮೂರೂ ಕೂಡಿ ಬಂದರೆ ಮಾತ್ರ ಒಪ್ಪುವುದು ಅಂತ. ಸಾಯಂಕಾಲದ ಹೊತ್ತಿಗೆ ಸಾವಿನ ಪಟ್ಟಿಯಲ್ಲಿ ಸಿಕ್ಕಿತು: 1898, ಹಂಚಿನ ಕಾರ್ಖಾನೆ, ಹೆಂಡತಿ ಮುತ್ತಜ್ಜಿ. ಹೆಸರು ಒಂದೇ ಸಾಕು ಅಂತ ಯಾವತ್ತೂ ನಂಬಬೇಡಿ, ದಯವಿಟ್ಟು.

ಅಲ್ಲಿಂದ ಹಿಂದಕ್ಕೆ ಹೋಗಿ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪುಸ್ತಕ ತೆರೆದೆವು. ದೊಡ್ಡವರಾದ ಮೇಲೆ ದೀಕ್ಷಾಸ್ನಾನ ತೆಗೆದುಕೊಂಡವರ ಸಾಲಿನಲ್ಲಿ ಮುತ್ತಜ್ಜನ ಹಿಂದಿನ ಹೆಸರು ಬರೆದಿತ್ತು. ಒಂದು ಹಳೆಯ ತುಳು ಹೆಸರು. ನಮ್ಮ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಎಂಬತ್ತಾರು ವರ್ಷದ ದೊಡ್ಡಪ್ಪ ಅದನ್ನು ಎರಡು ಸಲ ಮೆಲ್ಲಗೆ ಹೇಳಿಕೊಂಡರು. ಆಮೇಲೆ ಕನ್ನಡಕ ತೆಗೆದು ಸುಮಾರು ಹೊತ್ತು ಸುಮ್ನೆ ಕೂತರು.

ಮುತ್ತಜ್ಜ ಹಂಚಿನ ಕಾರ್ಖಾನೆಗೆ ಯಾಕೆ ಬಂದರು ಅನ್ನುವುದೂ ಆಗ ಅರ್ಥವಾಯಿತು. ಬಾಸೆಲ್ ಮಿಷನ್‌ನ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರ್‌ನಲ್ಲಿ. ಕ್ರೈಸ್ತರಾದವರಲ್ಲಿ ತುಂಬಾ ಜನಕ್ಕೆ ಮನೆಯೂ ಹೋಯಿತು, ಬೇಸಾಯದ ಭೂಮಿಯೂ ಹೋಯಿತು, ಕುಲಕಸುಬೂ ಹೋಯಿತು. ಅವರಿಗೆ ದುಡಿಮೆ ಬೇಕಿತ್ತು. ಅದಕ್ಕೇ ನೇಯ್ಗೆ, ಅಚ್ಚುಕೂಟ, ಆಮೇಲೆ ಮಿಷನರಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆ. ರಿಜಿಸ್ಟರಿನಲ್ಲಿ ಕೆಲಸದ ಹೆಸರು ಕಂಡರೆ ಅದನ್ನು ತಪ್ಪದೆ ಬರೆದುಕೊಳ್ಳಿ. ಮನೆಯವರ ಕಥೆ ಅರ್ಧ ಅಲ್ಲೇ ಇರುತ್ತದೆ.

ಮಂಗಳೂರಿನಲ್ಲೇ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಮಿಷನ್ ಕಾಲದ ಪುಸ್ತಕ, ಕಾಗದಪತ್ರಗಳ ಸಂಗ್ರಹ ಇದೆ. ಮೊದಲೇ ಕೇಳಿಕೊಂಡು ಹೋಗಿ. ಸರಕಾರಿ ದಾಖಲೆ ಬೇಕಾದವರು ಒಂದು ನೆನಪಿಡಿ: 1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಹಳೆಯ ಜಿಲ್ಲಾ ದಾಖಲೆಗಳಿಗೆ ಬೆಂಗಳೂರಿಗಿಂತ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರವೇ ಸರಿಯಾದ ಜಾಗ. ಉತ್ತರ ಕನ್ನಡದವರಿಗೆ ಬೇರೆ ಲೆಕ್ಕ, ಅವರ ಜಿಲ್ಲೆ 1862ರಲ್ಲೇ ಮುಂಬೈ ಪ್ರಾಂತ್ಯಕ್ಕೆ ಹೋಯಿತು.

ಮೂರನೇ ದಿನ ಮತ್ತೆ ಸ್ಮಶಾನಕ್ಕೆ ಹೋದೆವು. ಮೊದಲ ದಿನ ನಾವು ಹೋದದ್ದು ನಡು ಮಧ್ಯಾಹ್ನ. ಅದೇ ತಪ್ಪಾಗಿತ್ತು. ಸೂರ್ಯ ನೆತ್ತಿಯ ಮೇಲಿದ್ದರೆ ಕೆತ್ತಿದ ಅಕ್ಷರಕ್ಕೆ ನೆರಳೇ ಇರುವುದಿಲ್ಲ. ಈ ಸಲ ಐದು ಗಂಟೆಗೆ, ಮನೆಯ ಕನ್ನಡಿ ಹಿಡಿದುಕೊಂಡು ಹೋದೆವು. ಕಲ್ಲಿನ ಮೇಲೆ ಬರೀ ನೀರು ಚಿಮುಕಿಸಿ, ಮೆತ್ತನೆಯ ಬ್ರಷ್‌ನಿಂದ ಪಾಚಿ ತೆಗೆದೆ. ಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ, ಕಲ್ಲಿಗೆ ಸವರಿಕೊಂಡು ಹೋಗುವ ಹಾಗೆ ಬಿಟ್ಟೆ. ಸವೆದು ಹೋಗಿದೆ ಅಂದುಕೊಂಡಿದ್ದ ಸಾಲು ಒಂದೊಂದೇ ಅಕ್ಷರವಾಗಿ ಎದ್ದು ಬಂತು. "ಕರ್ತನಲ್ಲಿ ನಿದ್ರೆ ಹೋದರು." ಅದರ ಕೆಳಗೆ ವರ್ಷ. ೬ಕ್ಕೂ ೯ಕ್ಕೂ ಇರುವ ವ್ಯತ್ಯಾಸ ಬಾಲದ ತಿರುವಿನಲ್ಲಿ ಮಾತ್ರ. ಆ ತಿರುವಿನಲ್ಲಿ ನೆರಳು ನಿಂತಿತು. ಒಂಬತ್ತು. ದೊಡ್ಡಪ್ಪ ಹೇಳಿದ್ದೇ ಸರಿ.

ತಂತಿ ಬ್ರಷ್, ಆಸಿಡ್, ಬ್ಲೀಚಿಂಗ್ ಪುಡಿ ಇವನ್ನು ಹತ್ತಿರ ತರಬೇಡಿ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ಬಳಿಯುವುದೂ ಬೇಡ. ಮುರಕಲ್ಲಿನ ಕಟ್ಟೆಗೆ ಸುಣ್ಣದ ಗಾರೆ ಮಾಡಿದ ಸಮಾಧಿಗಳು ತುಂಬಾ ಸೂಕ್ಷ್ಮ, ಅದರ ಮೇಲೆ ಕೂರುವುದು, ಕಾಲಿಡುವುದು ಬೇಡ. ಹೋಗುವುದಾದರೆ ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಮಳೆಗಾಲದಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿರುತ್ತದೆ, ಹಾವಿನ ಭಯವೂ ಇದೆ. ಕಲ್ಲು ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಜಾಗ ಕಡಿಮೆ ಇರುವ ಕಡೆ ಹಳೆಯ ಸಮಾಧಿಯ ಜಾಗದಲ್ಲೇ ಹೊಸಬರನ್ನು ಮಣ್ಣು ಮಾಡುತ್ತಾರೆ. ಕಲ್ಲು ಹೋದರೂ ರಿಜಿಸ್ಟರಿನ ಸಾಲು ಉಳಿದಿರುತ್ತದೆ.

ಬಾಸೆಲ್‌ಗೆ ಹೋಗಬೇಕಾ? ತಂಗಿ ಸ್ಟುಟ್‌ಗಾರ್ಟ್‌ನಲ್ಲಿ ಇರುವುದರಿಂದ ನಾನು ಮರು ವರ್ಷ ಹೋಗಿ ಬಂದೆ. ಮಿಷನ್‌ನ ಪತ್ರಾಗಾರ ಈಗ ಮಿಷನ್ 21 ಸಂಸ್ಥೆಯ ಕೈಯಲ್ಲಿದೆ, ಮಿಸಿಯೋನ್ಸ್‌ಸ್ಟ್ರಾಸೆಯಲ್ಲಿ, ಸ್ಪಾಲೆನ್‌ಟೋರ್ ಅನ್ನುವ ಹಳೆಯ ಕೋಟೆ ಬಾಗಿಲಿನ ಹತ್ತಿರ. ಮೊದಲೇ ಇಮೇಲ್ ಮಾಡಿ ದಿನ ಗೊತ್ತು ಮಾಡಿಕೊಂಡು ಹೋಗಬೇಕು. ಊರಿನ ಹೋಟೆಲಿನಲ್ಲಿ ಉಳಿದರೆ ಟ್ರಾಮ್, ಬಸ್ಸಿಗೆ ಉಚಿತ ಕಾರ್ಡ್ ಕೊಡುತ್ತಾರೆ. ಆದರೆ ಆ ಕಾಲದ ಕಾಗದಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ. ಜರ್ಮನ್ ಚೆನ್ನಾಗಿ ಬರುವ ನನ್ನ ತಂಗಿಗೇ ಒಂದು ಸಾಲು ಓದಲು ಕಾಲು ಗಂಟೆ ಹಿಡಿಯಿತು. ಊರ ಹೆಸರುಗಳೂ ಬೇರೆ ಥರ, ಉಡುಪಿಯನ್ನು ಉಡಾಪಿ ಅಂತ ಬರೆದಿರುತ್ತಾರೆ. ಕೂಲಿ ಕೆಲಸದವರ ಹೆಸರು ಮಿಷನರಿಗಳ ವರದಿಯಲ್ಲಿ ಬರುವುದು ಅಪರೂಪ. ಇಷ್ಟು ಜನ ಕೆಲಸಗಾರರು ಅಂತ ಸಂಖ್ಯೆ ಇರುತ್ತದೆ, ಅಷ್ಟೇ. 1914ರಲ್ಲಿ ಯುದ್ಧ ಶುರುವಾಗಿ ಜರ್ಮನ್ ಮಿಷನರಿಗಳು ದೇಶ ಬಿಡಬೇಕಾಯಿತು. ಅಲ್ಲಿಂದ ಮುಂದಿನವರನ್ನು ಹುಡುಕುವವರಿಗೆ ಮಂಗಳೂರೇ ಗತಿ.

ವೀಸಾ, ವಿಮಾನಕ್ಕೆ ದುಡ್ಡು ಹಾಕುವ ಮೊದಲು ಅವರ ಆನ್‌ಲೈನ್ ಫೋಟೊ ಸಂಗ್ರಹ ನೋಡಿ. ಸಾವಿರಾರು ಹಳೆಯ ಚಿತ್ರಗಳಿವೆ, ನೋಡಲು ಹಣ ಕೊಡಬೇಕಿಲ್ಲ. ಹಂಚಿನ ಕಾರ್ಖಾನೆಯ ಚಿತ್ರಗಳಲ್ಲಿ ಸಾಲಾಗಿ ನಿಂತ ಕೆಲಸಗಾರರಿದ್ದಾರೆ. ಯಾರ ಹೆಸರೂ ಇಲ್ಲ. ಒಂದೊಂದು ಮುಖವನ್ನೂ ದೊಡ್ಡದು ಮಾಡಿ ನೋಡಿದೆ.

ಈಗ ಮುತ್ತಜ್ಜನ ಕಲ್ಲನ್ನು ಮತ್ತೆ ಕೆತ್ತಿಸೋಣ ಅಂತ ಮನೆಯಲ್ಲಿ ಕೆಲವರು ಹೇಳಿದರು. ದೊಡ್ಡಪ್ಪ ಬೇಡ ಅಂದರು. ನನಗೂ ಅದೇ ಸರಿ ಅನಿಸಿತು. ಹಳೆಯದು ಹಾಗೇ ಇರಲಿ, ಪಕ್ಕದಲ್ಲಿ ಒಂದು ಸಣ್ಣ ಕಲ್ಲು ಹಾಕಿಸೋಣ ಅಂತ ಸಭೆಯ ಕಮಿಟಿಗೆ ಅರ್ಜಿ ಕೊಟ್ಟಿದ್ದೇವೆ. ಅದರಲ್ಲಿ ಎರಡೂ ಹೆಸರು ಇರುತ್ತವೆ, ತುಳು ಹೆಸರು ಮೇಲೆ.