ಬಚ್ಚಲು ಮನೆ ಇದ್ದ ಜಾಗ

ಹಾಸನದ ಬಿ.ಎಂ. ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಅಡ್ಡರಸ್ತೆಯೊಂದರಲ್ಲಿ ನಮ್ಮ ಮನೆಯಿದೆ. ಮನೆಗಳ ನಕ್ಷೆ ಬರೆಯುವುದು ನನ್ನ ಕಸುಬಾದರೂ, ನನ್ನದೇ ಮನೆಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂರಲು ಒಂದು ತಾವಿಲ್ಲ ಎಂಬುದು ಹೊಳೆದದ್ದು ಬಹಳ ತಡವಾಗಿ. ಬೆಳಗಿನ ಜಾವದಿಂದಲೇ ಬಸ್ಸುಗಳ ಹಾರ್ನು, ಆಮೇಲೆ ತರಕಾರಿ ಗಾಡಿಯ ಮೈಕು, ಸಂಜೆಗೆ ಅಕ್ಕಪಕ್ಕದ ಟಿ.ವಿ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಂತೂ ಸದ್ದಿಗೆ ಹಗಲು ರಾತ್ರಿಯ ಭೇದವೇ ಇರುವುದಿಲ್ಲ. ವಾಸದ ಬಡಾವಣೆಗಳಲ್ಲಿ ಸದ್ದು ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದೆಂದು 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಒಂದು ಮಧ್ಯಾಹ್ನ ನಮ್ಮ ಗೇಟಿನ ಬಳಿ ಫೋನು ಹಿಡಿದು ನೋಡಿದರೆ ಅದು 74 ತೋರಿಸಿತು, ಹಿತ್ತಲಿನಲ್ಲಿ 62. ಫೋನಿನ ಅಳತೆಯನ್ನು ಪೂರ್ತಿ ನಂಬಬಾರದು. ಆದರೆ ಎರಡು ಜಾಗಗಳ ನಡುವಿನ ಅಂತರ ತಿಳಿಯಲು ಅದು ಸಾಕು.

ಹಿತ್ತಲಿನ ಮೂಲೆಯಲ್ಲಿ 9 ಅಡಿಗೆ 11 ಅಡಿಯ ಹಳೆಯ ಬಚ್ಚಲು ಮನೆಯಿತ್ತು. ಸೋಲಾರ್ ಬಂದ ಮೇಲೆ ಹಂಡೆ ಒಲೆಗೆ ಕೆಲಸ ತಪ್ಪಿ, ಅದು ತೆಂಗಿನ ಗರಿ, ಮುರಿದ ಸೈಕಲ್ಲುಗಳ ಉಗ್ರಾಣವಾಗಿತ್ತು. ಆ ಜಾಗವನ್ನೇ ಕೂರುವ ಕೋಣೆ ಮಾಡಲು ಹೊರಟಾಗ ನಾನು ಮಾಡಿದ ಮೊದಲ ತಪ್ಪು, ಗೋಡೆ ದಪ್ಪವಾದಷ್ಟೂ ಒಳಗೆ ನಿಶ್ಶಬ್ದ ಎಂದು ನಂಬಿದ್ದು. ರಸ್ತೆಯ ಕಡೆಯ ಗೋಡೆಗೆ ಇನ್ನೊಂದು ಪದರ ಇಟ್ಟಿಗೆ ಕಟ್ಟಿಸಿದೆ. ಗಾರೆ ಒಣಗಿದ ಮೇಲೆ ಒಳಗೆ ಕೂತು ಕೇಳಿದರೆ, ಗೋಡೆಯ ಮೂಲಕ ಬರುತ್ತಿದ್ದ ಸದ್ದು ಈಗ ಬಾಗಿಲ ಕೆಳಗಿನ ಸಂದಿನಿಂದಲೂ ಗವಾಕ್ಷಿಯಿಂದಲೂ ಆರಾಮವಾಗಿ ಬರುತ್ತಿತ್ತು. ಓದಿದ ಪಾಠ ಆಗ ನೆನಪಾಯಿತು: ಗೋಡೆಯ ವಿಸ್ತಾರದಲ್ಲಿ ನೂರಕ್ಕೆ ಒಂದು ಪಾಲು ತೆರಪಿದ್ದರೂ, ಉಳಿದ ಭಾಗ ಕೋಟೆಯಂತಿದ್ದರೂ, ಅದು 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾರದು. ಕೆಲಸಕ್ಕೆ ಬಂದಿದ್ದ ಮೇಸ್ತ್ರಿ ಅದನ್ನು ತಮ್ಮ ಮಾತಿನಲ್ಲಿ ಹೇಳಿದರು: "ಬಾಗ್ಲು ರೋಡಿನ್ ಕಡೆ ಮುಖ ಮಾಡ್ಕೊಂಡು ಗೋಡೆ ದಪ್ಪ ಮಾಡುದ್ರೆ ಏನ್ ಬಂತು ಸಾರ್?" ಸಂದುಗಳನ್ನೆಲ್ಲ ಮುಚ್ಚಬಹುದಿತ್ತು, ಆದರೆ ಏಪ್ರಿಲ್ ತಿಂಗಳಿನಲ್ಲಿ ಆ ಕೋಣೆಯೊಳಗೆ ಯಾರು ಕೂರುತ್ತಾರೆ?

ಎರಡನೆಯ ಬಾರಿ ನಕ್ಷೆಯನ್ನೇ ತಿರುವಿ ಹಾಕಿದೆ. ಅರ್ಧ ಸೂರು ತೆಗೆದು ಆಕಾಶಕ್ಕೆ ಬಿಟ್ಟೆ, ಉಳಿದರ್ಧಕ್ಕೆ ಮಂಗಳೂರು ಹಂಚು ಹೊದಿಸಿದೆ. ನಮ್ಮ ಕಡೆಯ ತೊಟ್ಟಿ ಮನೆಗಳನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ಇಲ್ಲ. ನೆಲವನ್ನು ಮಾತ್ರ ಒಂದೂವರೆ ಅಡಿ ತಗ್ಗಿಸಿದೆ, ಕಾರಣ ಇಷ್ಟೆ. ಒಂದೇ ಸಮನೆ ವಾಹನ ಹರಿಯುವ ರಸ್ತೆಯ ಸದ್ದು, ನಾವು ದೂರವನ್ನು ಎರಡರಷ್ಟು ಮಾಡಿಕೊಂಡರೂ 3 ಡೆಸಿಬಲ್ ಮಾತ್ರ ಇಳಿಯುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ದೂರ ಹೋಗಲು ಜಾಗವಾದರೂ ಎಲ್ಲಿದೆ? ಆದರೆ ತಡೆಗೋಡೆಯೊಂದು ಸದ್ದಿನ ಮೂಲಕ್ಕೋ ಕೇಳುವವನಿಗೋ ತೀರ ಹತ್ತಿರವಿದ್ದಾಗ ಹೆಚ್ಚು ಕೆಲಸ ಮಾಡುತ್ತದೆ, ನಡುವೆಲ್ಲೋ ನಿಂತಾಗ ಅಲ್ಲ. ಹಾಗಾಗಿ ಗೋಡೆಯನ್ನು ಕೂರುವವರ ಬೆನ್ನಿಗೇ ತಂದು, ಕೂರುವವರನ್ನು ಕೆಳಗಿಳಿಸಿದರೆ, ಏಳಡಿಯ ಗೋಡೆ ಎಂಟೂವರೆ ಅಡಿಯ ಕೆಲಸ ಮಾಡುತ್ತದೆ. ತಗ್ಗಿಸಿದ ನೆಲಕ್ಕೆ ಮೊದಲ ಮಳೆಗಾಲದಲ್ಲೇ ದಂಡ ತೆತ್ತೆ. ನೀರು ಹೋಗಲು ಬಿಟ್ಟಿದ್ದ ಪೈಪು ಎಲೆ ಕಟ್ಟಿಕೊಂಡು ಮೊಣಕಾಲುದ್ದ ಕೆರೆಯಾಯಿತು. ಈಗ ಎರಡು ಪೈಪುಗಳಿವೆ, ಜಾಲರಿಯೂ ಇದೆ.

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಒಳಗೆ ಬರುವ ದಾರಿ. ಬಾಗಿಲನ್ನು ರಸ್ತೆಗೆ ಬೆನ್ನು ಹಾಕಿಸಿ, ಅದರ ಮುಂದೆ ಮೂರಡಿ ಅಗಲದ ಓಣಿ ಬಿಟ್ಟು, ಒಂದು ತಿರುವು ಕೊಟ್ಟೆ. ಅಲ್ಲಿ ಹಂಚು ತಲೆಗೆ ತಾಗುವಷ್ಟು ತಗ್ಗಾಗಿದೆ, ಬೆಳಕೂ ಕಡಿಮೆ. ಈ ಯೋಚನೆ ಬಂದದ್ದು ಬೇಲೂರಿನಿಂದ. 1117ರ ಚೆನ್ನಕೇಶವ ದೇವಾಲಯದ ಸುಡುವ ಅಂಗಳದಿಂದ ನವರಂಗದೊಳಕ್ಕೆ ಕಾಲಿಟ್ಟಾಗ, ಜಾಲಂಧ್ರಗಳಿಂದ ಸೋಸಿ ಬರುವ ಅಷ್ಟಿಷ್ಟು ಬೆಳಕಿಗೆ ಕಣ್ಣು ಹೊಂದಿಕೊಳ್ಳುವವರೆಗೆ ಎಂಥ ವಾಚಾಳಿಯೂ ದನಿ ತಗ್ಗಿಸುತ್ತಾನೆ. ಶಾಲಾ ಮಕ್ಕಳ ಗುಂಪೊಂದು ಹೊಸ್ತಿಲು ದಾಟಿದೊಡನೆ ಪಿಸುಮಾತಿಗೆ ಇಳಿದದ್ದನ್ನು ನಾನೇ ಕಂಡಿದ್ದೇನೆ. ಗದರಿಸುವವರು ಯಾರೂ ಅಲ್ಲಿರಲಿಲ್ಲ. ಮೂಲೆಯೊಂದನ್ನು ಶಾಂತವಾಗಿ ಕಟ್ಟಲು ಹೊರಟವರು ಕೋಣೆಗೆ ಸುರಿಯುವ ಹಣದ ಅರ್ಧವನ್ನಾದರೂ ಹೊಸ್ತಿಲಿಗೆ ಇಡಬೇಕು.

ಅಷ್ಟಾದರೂ ಹಾರ್ನು ಕೇಳುತ್ತಲೇ ಇತ್ತು. ಅದಕ್ಕೆ ಮದ್ದು ನೀರು. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ 1967ರಲ್ಲಿ ತೆರೆದ ಪೇಲಿ ಪಾರ್ಕ್ ಎಂಬ ಪುಟ್ಟ ಉದ್ಯಾನವಿದೆ. ಕಟ್ಟಡಗಳ ನಡುವೆ ಸುಮಾರು 42 ಅಡಿಗೆ 100 ಅಡಿಯ ಜಾಗ ಅಷ್ಟೆ. ಅದನ್ನು ರೂಪಿಸಿದ ರಾಬರ್ಟ್ ಝಯನ್ ಕೊನೆಯ ಗೋಡೆಯ ಉದ್ದಕ್ಕೂ 20 ಅಡಿ ಎತ್ತರದಿಂದ ನೀರು ಬೀಳಿಸಿದರು. ಆ ನೀರು ರಸ್ತೆಯ ಸದ್ದನ್ನು ಕಡಿಮೆ ಮಾಡುವುದಿಲ್ಲ, ಮುಚ್ಚಿಬಿಡುತ್ತದೆ. ನನ್ನ ಯೋಗ್ಯತೆಗೆ ಎರಡಡಿ ಎತ್ತರದ ಕಲ್ಲಿನ ದೋಣಿ ಸಾಕಾಯಿತು. ಮೊದಲು ತಂದ ಅಗ್ಗದ ಪಂಪು ಸೊಳ್ಳೆಯಂತೆ ಗುಂಯ್‌ಗುಟ್ಟಿ ನೀರಿನ ಸದ್ದನ್ನೇ ನುಂಗಿತು. ಅದನ್ನು ತೆಗೆದು ನೀರಿನಾಳದಲ್ಲಿ ರಬ್ಬರಿನ ಮೇಲೆ ಕೂರುವ ಪಂಪು ಇಟ್ಟೆ. ನಾಲ್ಕು ಅಂಗುಲ ಎತ್ತರದಿಂದ ಬಿದ್ದ ನೀರು ಕೆಟ್ಟ ನಲ್ಲಿಯ ಹಾಗೆ ಕೇಳಿಸಿತು. ಒಂದು ಅಡಿಗೆ ಏರಿಸಿ, ಕೆಳಗೆ ಒರಟು ಸೈಜುಗಲ್ಲು ಇಟ್ಟ ಮೇಲೆ ಅದು ನೀರಾಯಿತು. ನಿಜವಾದ ಸೊಳ್ಳೆಗಳಿಗಾಗಿ ಗಪ್ಪಿ ಮೀನು ಬಿಟ್ಟಿದ್ದೇನೆ, ಎಂಟು ದಿನಕ್ಕೊಮ್ಮೆ ದೋಣಿ ತೊಳೆಯುತ್ತೇನೆ.

ಗಿಡಗಳ ಬಗ್ಗೆ ಒಂದು ಮಾತು. ನಾಲ್ಕು ಕುಂಡ ಸಾಲಾಗಿ ಇಟ್ಟರೆ ಸದ್ದು ನಿಲ್ಲುತ್ತದೆ ಎಂದು ಮಾರುವವರು ಹೇಳುತ್ತಾರೆ, ನಿಲ್ಲುವುದಿಲ್ಲ. ಸದ್ದನ್ನು ಎಲೆಗಳಿಂದ ತಡೆಯಬೇಕಾದರೆ ಹತ್ತಾರು ಮೀಟರ್ ಅಗಲದ ದಟ್ಟ ತೋಪೇ ಬೇಕು. ಆದರೂ ಒಂದು ಪಾರಿಜಾತ ನೆಟ್ಟೆ, ಕಣ್ಣಿಗಾಗಿ. ಗೋಡೆಗಳಿಗೆ ನುಣುಪು ಗಾರೆ ಬೇಡವೆಂದು ಮಣ್ಣಿನ ಗಿಲಾವು ಹಾಕಿಸಿದೆ. ಎದುರುಬದುರು ನುಣುಪು ಗೋಡೆಗಳಿದ್ದರೆ ಕೆಮ್ಮಿದರೂ ಮಾರ್ದನಿಯಾಗುತ್ತದೆ. ನೆಲಕ್ಕೆ ನಾರಿನ ಚಾಪೆ, ಕೂರಲು ಹದಿನಾರು ಅಂಗುಲದ ಜಗಲಿ. ಚಾರ್ಜ್ ಮಾಡಲು ಪ್ಲಗ್ಗು ಬೇಡವೆಂದದ್ದಕ್ಕೆ ಮಗ ಒಂದು ವಾರ ಮಾತು ಬಿಟ್ಟಿದ್ದ.

ಇದನ್ನು ನೋಡಿದ ಪರಿಚಯದವರೊಬ್ಬರು ತಮ್ಮ ಕ್ಲಿನಿಕ್ಕಿಗೂ ಇಂಥದ್ದೊಂದು ಬೇಕೆಂದರು. ಸರದಿಗೆ ಕಾಯುವವರು ಟಿ.ವಿ. ಇಲ್ಲದೆ ಕೂರುವ ಒಂದು ಮೂಲೆ ಎಂದು ನಾನು ಸಂತೋಷದಿಂದ ಬರೆದುಕೊಟ್ಟೆ. ಬುದ್ಧನ ಮುಖ, ಬಣ್ಣ ಬದಲಿಸುವ ದೀಪ, ಸ್ಪೀಕರಿನಲ್ಲಿ ಕೊಳಲು ಇವೂ ಸೇರಬೇಕೆಂದು ಅವರು ಕೇಳಿದಾಗ ಮಾತು ಅಲ್ಲಿಗೇ ನಿಂತಿತು. ಶಾಂತಿಯ ಜಾಹೀರಾತು ಬೇರೆ, ಶಾಂತವಾದ ಜಾಗ ಬೇರೆ ಎಂಬುದನ್ನು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಮೊನ್ನೆ ಮತ್ತೆ ಫೋನು ಹಿಡಿದೆ. ನೀರು ನಿಲ್ಲಿಸಿದಾಗ 51. ಹತ್ತು ಡೆಸಿಬಲ್ ಇಳಿದರೆ ಸದ್ದು ಅರ್ಧವಾದಂತೆ ಕಿವಿಗೆ ಅನ್ನಿಸುತ್ತದೆ ಎನ್ನುತ್ತಾರೆ. ಧ್ಯಾನ, ಓದು ಎಂದೆಲ್ಲ ಎಣಿಸಿ ಕಟ್ಟಿದ ಜಾಗವನ್ನು ಹೆಚ್ಚಾಗಿ ಬಳಸುತ್ತಿರುವವರು ನನ್ನ ಅಮ್ಮ. ಅವರೆಕಾಯಿಯ ಕಾಲ ಬಂತೆಂದರೆ ಮೊರ ಹಿಡಿದು ತಿರುವು ದಾಟಿ ಒಳಗೆ ಹೋಗುತ್ತಾರೆ, ಜಗಲಿಯ ಮೇಲೆ ಕಾಲು ಚಾಚಿ, ಕಾಳು ಬಿಡಿಸುತ್ತಾರೆ. ಊಟಕ್ಕೆ ಕರೆದರೆ ಕೇಳಿಸುವುದಿಲ್ಲ. ಒಳಗೆ ಹೋಗಿಯೇ ಕರೆಯಬೇಕು.